ಆಲೂಗಡ್ಡೆ ಇಷ್ಟು ಬೇಗ ಮೊಳಕೆಯೊಡೆಯುವುದೇಕೆ? ತಡೆಯಲು ಮನೆಯಲ್ಲಿ ಏನು ಮಾಡಬಹುದು?

ಫೆಬ್ರವರಿಯಲ್ಲಿ ತಂದ ಆಲೂಗಡ್ಡೆ ಅಡುಗೆಮನೆಯ ಬುಟ್ಟಿಯಲ್ಲಿ ವಾರಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಅದೇ ಅಂಗಡಿಯಿಂದ ಸೆಪ್ಟೆಂಬರ್‌ನಲ್ಲಿ ತಂದದ್ದು ಹತ್ತು ದಿನದೊಳಗೆ ಮೊಳಕೆ ಬಿಟ್ಟು, ಮೆತ್ತಗಾಗಿ, ಸಿಪ್ಪೆ ಸುಕ್ಕುಗಟ್ಟುತ್ತದೆ. ಅಂಗಡಿ ಅದೇ, ಬುಟ್ಟಿ ಅದೇ, ಇಟ್ಟ ಜಾಗವೂ ಅದೇ. ಬದಲಾಗಿರುವುದು ಆಲೂಗಡ್ಡೆಯ ವಯಸ್ಸು.

ಮೊಳಕೆ ತಡೆಯಲು ಹತ್ತಾರು ಮನೆಮದ್ದುಗಳು ಮೊಬೈಲ್‌ನಲ್ಲಿ ಹರಿದಾಡುತ್ತವೆ. ಸೇಬು ಇಡಿ, ಸೇಬು ಇಡಬೇಡಿ, ಪುದೀನ ಹಾಕಿ, ಫ್ರಿಜ್‌ನಲ್ಲಿ ಇಡಿ, ಫ್ರಿಜ್‌ನಲ್ಲಿ ಇಡಲೇಬೇಡಿ ಎಂದು ಒಂದಕ್ಕೊಂದು ವಿರುದ್ಧವಾದ ಸಲಹೆಗಳೂ ಇವೆ. ಇವುಗಳಲ್ಲಿ ಯಾವುದು ಎಷ್ಟು ಸರಿ ಎಂದು ತಿಳಿಯಬೇಕಾದರೆ ಮೊದಲು ಆಲೂಗಡ್ಡೆ ಹೊಲದಿಂದ ಮನೆಗೆ ಬರುವ ದಾರಿ ಗೊತ್ತಿರಬೇಕು.

ಕಿತ್ತ ಮೇಲೂ ಅದಕ್ಕೆ ಜೀವವಿದೆ

ಆಲೂಗಡ್ಡೆ ಬೇರಲ್ಲ, ಮಣ್ಣಿನೊಳಗೆ ದಪ್ಪಗಾದ ಕಾಂಡ. ಅದರ ಮೇಲಿನ ಒಂದೊಂದು ಕಣ್ಣೂ ಒಂದೊಂದು ಮೊಗ್ಗು. ಹೊಲದಿಂದ ಕಿತ್ತ ಮೇಲೂ ಗಡ್ಡೆ ಉಸಿರಾಡುತ್ತಿರುತ್ತದೆ. ಒಳಗಿನ ಪಿಷ್ಟವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಳ್ಳುತ್ತಾ ನೀರು, ಶಾಖ ಮತ್ತು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ.

ಕಿತ್ತ ತಕ್ಷಣ ಆಲೂಗಡ್ಡೆ ಮೊಳಕೆ ಬಿಡುವುದಿಲ್ಲ. ಅದಕ್ಕೆ ಒಂದು ನಿದ್ರೆಯ ಅವಧಿ ಇದೆ. ಇದನ್ನು ಸುಪ್ತಾವಸ್ಥೆ ಎನ್ನುತ್ತಾರೆ. ತಳಿಯನ್ನೂ ವಾತಾವರಣದ ಬಿಸಿಯನ್ನೂ ಅವಲಂಬಿಸಿ ಇದು ಸಾಮಾನ್ಯವಾಗಿ ಒಂದೂವರೆ ತಿಂಗಳಿಂದ ಮೂರು ತಿಂಗಳವರೆಗೆ ಇರುತ್ತದೆ. ಈ ಅವಧಿಯಲ್ಲಿ ಗಡ್ಡೆಯೊಳಗಿನ ಕೆಲವು ಹಾರ್ಮೋನುಗಳು ಮೊಗ್ಗನ್ನು ಹಿಡಿದಿಡುತ್ತವೆ. ದಿನ ಕಳೆದಂತೆ ಅವುಗಳ ಪ್ರಮಾಣ ತಗ್ಗಿ, ಬೆಳವಣಿಗೆಗೆ ಪ್ರಚೋದನೆ ನೀಡುವ ಹಾರ್ಮೋನುಗಳು ಮೇಲುಗೈ ಪಡೆಯುತ್ತವೆ. ಆಗ ಕಣ್ಣು ಉಬ್ಬಿ ಬಿಳಿಯ ಮೊಳಕೆ ಹೊರಡುತ್ತದೆ. ಬಿಸಿ ಹೆಚ್ಚಿದ್ದಷ್ಟೂ ಈ ನಿದ್ರೆ ಬೇಗ ಮುಗಿಯುತ್ತದೆ.

ನಿದ್ರೆ ಮುಗಿದ ಗಡ್ಡೆಯನ್ನು ಮತ್ತೆ ನಿದ್ರೆಗೆ ಕಳುಹಿಸುವ ಉಪಾಯ ಯಾವ ಮನೆಯಲ್ಲೂ ಇಲ್ಲ. ಆಮೇಲೆ ಮಾಡಬಹುದಾದದ್ದು ಮೊಳಕೆಯ ವೇಗ ತಗ್ಗಿಸುವುದು ಮಾತ್ರ.

ಸೆಪ್ಟೆಂಬರ್‌ನ ಆಲೂಗಡ್ಡೆ ಯಾವಾಗ ಕಿತ್ತದ್ದು?

ಭಾರತದಲ್ಲಿ ವರ್ಷಕ್ಕೆ 5 ಕೋಟಿ ಟನ್‌ಗೂ ಹೆಚ್ಚು ಆಲೂಗಡ್ಡೆ ಬೆಳೆಯುತ್ತದೆ. ಚೀನಾ ಬಿಟ್ಟರೆ ಅತಿ ಹೆಚ್ಚು ಬೆಳೆಯುವ ದೇಶ ಇದೇ. ಇದರ ಬಹುಪಾಲು ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಬಿಹಾರ, ಗುಜರಾತ್ ಮೊದಲಾದ ರಾಜ್ಯಗಳ ಚಳಿಗಾಲದ ಬೆಳೆ. ಅಕ್ಟೋಬರ್, ನವೆಂಬರ್‌ನಲ್ಲಿ ನಾಟಿ ಮಾಡಿ ಜನವರಿಯಿಂದ ಮಾರ್ಚ್ ನಡುವೆ ಕೀಳುತ್ತಾರೆ. ಬೇಸಿಗೆ ಏರುವ ಮೊದಲೇ ಇದರ ದೊಡ್ಡ ಪಾಲು ಶೈತ್ಯಾಗಾರ ಸೇರುತ್ತದೆ. ಅಲ್ಲಿಂದ ಅಕ್ಟೋಬರ್, ನವೆಂಬರ್‌ವರೆಗೂ ಸ್ವಲ್ಪ ಸ್ವಲ್ಪವಾಗಿ ಹೊರಬಂದು ದೆಹಲಿಯ ಆಜಾದ್‌ಪುರ, ನವಿ ಮುಂಬೈನ ವಾಶಿಯಂತಹ ಸಗಟು ಮಾರುಕಟ್ಟೆಗಳ ಮೂಲಕ ಅಂಗಡಿಗಳಿಗೆ ಬರುತ್ತದೆ.

ಅಂದರೆ ಸೆಪ್ಟೆಂಬರ್‌ನಲ್ಲಿ ಸಿಗುವ ಉತ್ತರ ಭಾರತದ ಆಲೂಗಡ್ಡೆ ಕಿತ್ತು ಆರು ತಿಂಗಳಾದರೂ ಆಗಿರುತ್ತದೆ. ಅದರ ನಿದ್ರೆಯ ಅವಧಿ ಎಂದೋ ಮುಗಿದಿರುತ್ತದೆ. ಮೊಳಕೆ ಬಾರದಂತೆ ತಡೆದಿದ್ದು ಶೈತ್ಯಾಗಾರದ ಚಳಿ ಮಾತ್ರ. 30 ಡಿಗ್ರಿ ಬಿಸಿಯ ಮುಂಬೈ ಅಥವಾ ಚೆನ್ನೈ ಅಡುಗೆಮನೆಗೆ ಬಂದ ಕೂಡಲೇ ಆ ತಡೆಯೂ ಹೋಗುತ್ತದೆ. ಹತ್ತು ದಿನಕ್ಕೆ ಮೊಳಕೆ ಬರುವುದು ಇದೇ ಕಾರಣಕ್ಕೆ. ಫೆಬ್ರವರಿಯದ್ದು ಹೊಸ ಬೆಳೆ, ಇನ್ನೂ ನಿದ್ರೆಯಲ್ಲಿರುವ ಗಡ್ಡೆ. ಹಾಗಾಗಿ ಅದು ಹೆಚ್ಚು ದಿನ ತಾಳುತ್ತದೆ.

ದಕ್ಷಿಣದಲ್ಲಿ ಲೆಕ್ಕ ಸ್ವಲ್ಪ ಬೇರೆ. ಹಾಸನ, ಚಿಕ್ಕಮಗಳೂರು ಭಾಗದಲ್ಲಿ ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ. ಹಾಸನದ ರೈತರು ನಾಟಿಗೆ ಬಳಸುವ ಬಿತ್ತನೆ ಗಡ್ಡೆ ಪಂಜಾಬ್‌ನ ಜಲಂಧರ್ ಕಡೆಯಿಂದ ಬರುತ್ತದೆ; ಮೇ, ಜೂನ್‌ನಲ್ಲಿ ನಾಟಿ ಮಾಡಿದ ಬೆಳೆ ಆಗಸ್ಟ್ ಹೊತ್ತಿಗೆ ಕೈಗೆ ಸಿಗಲು ಶುರುವಾಗುತ್ತದೆ. ಪುಣೆ ಜಿಲ್ಲೆಯ ಅಂಬೇಗಾಂವ್, ಖೇಡ್ ತಾಲ್ಲೂಕುಗಳಲ್ಲೂ ಮುಂಗಾರು ಬೆಳೆ ಇದೆ. ನೀಲಗಿರಿಯ ಗಡ್ಡೆ ತಮಿಳುನಾಡಿನ ಮಾರುಕಟ್ಟೆಗಳಿಗೆ 'ಊಟಿ ಆಲೂಗಡ್ಡೆ' ಎಂಬ ಹೆಸರಿನಲ್ಲಿ ಬರುತ್ತದೆ. ಹಾಗಾಗಿ ಮಳೆಗಾಲದ ಕೊನೆಯಲ್ಲಿ ಒಂದೇ ಮಾರುಕಟ್ಟೆಯಲ್ಲಿ ಹೊಸದೂ ಹಳೆಯದೂ ಅಕ್ಕಪಕ್ಕದಲ್ಲೇ ಸಿಗಬಹುದು.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಹೊಸ ಗಡ್ಡೆಯ ಸಿಪ್ಪೆ ತೆಳು. ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತದೆ. ಶೈತ್ಯಾಗಾರದಿಂದ ಬಂದದ್ದರ ಸಿಪ್ಪೆ ಬಲಿತು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಕಣ್ಣುಗಳು ಸ್ವಲ್ಪ ಉಬ್ಬಿರಬಹುದು. ಆದರೆ ಮಳೆಗಾಲದ ಹೊಸ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ಅದು ಬೇಗ ಮೊಳಕೆ ಬಿಡದಿದ್ದರೂ ಕೊಳೆಯುವ ಸಾಧ್ಯತೆ ಇದೆ. ಅದನ್ನೂ ಮೂಟೆಗಟ್ಟಲೆ ತಂದಿಡುವುದು ಸರಿಯಲ್ಲ.

ಶೈತ್ಯಾಗಾರದಲ್ಲಿ ಏನು ಮಾಡುತ್ತಾರೆ?

ದೊಡ್ಡ ಪ್ರಮಾಣದಲ್ಲಿ ಮೊಳಕೆ ತಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು 2ರಿಂದ 4 ಡಿಗ್ರಿ ಸೆಲ್ಸಿಯಸ್ ಚಳಿ. ಈ ಉಷ್ಣಾಂಶದಲ್ಲಿ ಮೊಳಕೆ ಬೆಳೆಯುವುದಿಲ್ಲ. ಬಿತ್ತನೆ ಗಡ್ಡೆಗೆ ಇದು ಸರಿಯಾದ ವಿಧಾನ. ಆದರೆ ಅಷ್ಟು ಚಳಿಯಲ್ಲಿ ಗಡ್ಡೆಯೊಳಗಿನ ಪಿಷ್ಟದ ಒಂದು ಭಾಗ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಯಾಗುವುದು, ಚಿಪ್ಸ್ ಕರಿದಾಗ ಬೇಗ ಕಂದು ಬಣ್ಣಕ್ಕೆ ತಿರುಗುವುದು ಇದರಿಂದಲೇ.

ಎರಡನೆಯದು 10ರಿಂದ 12 ಡಿಗ್ರಿಯಲ್ಲಿ ಇಟ್ಟು, ಸಿಐಪಿಸಿ ಎಂದು ಕರೆಯುವ ಕ್ಲೋರ್‌ಪ್ರೊಫಾಮ್ ರಾಸಾಯನಿಕವನ್ನು ಹೊಗೆಮಂಜಿನಂತೆ ಹಾಯಿಸುವುದು. ಇದು ಮೊಗ್ಗಿನಲ್ಲಿ ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಸಕ್ಕರೆ ಹೆಚ್ಚಾಗುವುದಿಲ್ಲವಾದ್ದರಿಂದ ಚಿಪ್ಸ್ ತಯಾರಕರಿಗೆ ಇಂತಹ ಗಡ್ಡೆಯೇ ಬೇಕು. ಕೆಲವೆಡೆ 'ಶುಗರ್ ಫ್ರೀ ಆಲೂ' ಎಂದು ಮಾರುವುದೂ ಇದನ್ನೇ. ಹೆಸರು ಕೇಳಿ ಮಧುಮೇಹಿಗಳು ಮೋಸ ಹೋಗಬಾರದು. ಅದರಲ್ಲಿ ಚಳಿಯಿಂದ ಹುಟ್ಟುವ ಸಕ್ಕರೆ ಇಲ್ಲ ಎಂದಷ್ಟೇ ಅರ್ಥ. ಪಿಷ್ಟ ಎಂದಿನಂತೆಯೇ ಇರುತ್ತದೆ, ತಿಂದಾಗ ಅದು ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ.

ಈ ರಾಸಾಯನಿಕದ ಬಗ್ಗೆ ತಕರಾರುಗಳೂ ಇವೆ. ಅದರ ಉಳಿಕೆ ಮತ್ತು ಅದರಿಂದ ಉಂಟಾಗುವ ಉಪವಸ್ತುಗಳ ಸುರಕ್ಷತೆಯ ಪ್ರಶ್ನೆ ಎದ್ದ ಮೇಲೆ ಐರೋಪ್ಯ ಒಕ್ಕೂಟ 2019ರಲ್ಲಿ ಇದರ ಪರವಾನಗಿ ನವೀಕರಿಸಲಿಲ್ಲ. 2020ರ ಅಕ್ಟೋಬರ್‌ಗೆ ಅಲ್ಲಿ ಬಳಕೆ ನಿಂತಿತು. ಭಾರತದಲ್ಲಿ ಇದು ಬಳಕೆಯಲ್ಲಿದೆ. ಉಳಿಕೆ ಹೆಚ್ಚಾಗಿ ಸಿಪ್ಪೆಯಲ್ಲೇ ಇರುವುದರಿಂದ ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ಬಳಸಿದರೆ ಬಹುಪಾಲು ಹೋಗುತ್ತದೆ.

ಇವೆರಡಲ್ಲದೆ ವಿಕಿರಣ ಹಾಯಿಸಿ ಮೊಳಕೆ ತಡೆಯುವ ಕ್ರಮವೂ ಇದೆ. ಈರುಳ್ಳಿ, ಆಲೂಗಡ್ಡೆಗೆ ಇದನ್ನು ಬಳಸಲು ಭಾರತದಲ್ಲಿ 1994ರಲ್ಲೇ ಅನುಮತಿ ಸಿಕ್ಕಿದೆ. ನಾಶಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇದಕ್ಕಾಗಿಯೇ ಘಟಕ ಸ್ಥಾಪಿಸಿದೆ. ಅತಿ ಕಡಿಮೆ ಪ್ರಮಾಣದ ಗಾಮಾ ಕಿರಣ ಮೊಗ್ಗಿನ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಇದರಿಂದ ಗಡ್ಡೆಯೊಳಗೆ ವಿಕಿರಣ ಉಳಿಯುವುದಿಲ್ಲ.

ಮೊಳಕೆ ಬಂದರೆ ಭಯವೇಕೆ?

ಆಲೂಗಡ್ಡೆ ಗಿಡ ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಸೊಲನಿನ್, ಚಾಕೊನಿನ್ ಎಂಬ ಕಹಿ ವಿಷವಸ್ತುಗಳನ್ನು ತಯಾರಿಸುತ್ತದೆ. ಇವು ಎಲೆ, ಹೂವು ಮತ್ತು ಮೊಳಕೆಯಲ್ಲಿ ಹೆಚ್ಚು. ಗಡ್ಡೆಯಲ್ಲಿ ಸಿಪ್ಪೆ ಹಾಗೂ ಕಣ್ಣಿನ ಸುತ್ತ ಇರುತ್ತವೆ, ತಿರುಳಿನಲ್ಲಿ ತೀರಾ ಕಡಿಮೆ. ಬೆಳಕು ಬಿದ್ದಾಗ, ಪೆಟ್ಟಾದಾಗ, ಮೊಳಕೆಯೊಡೆದಾಗ ಪ್ರಮಾಣ ಏರುತ್ತದೆ.

ಬೆಳಕಿಗೆ ಗಡ್ಡೆ ಹಸಿರಾಗುವುದು ಪತ್ರಹರಿತ್ತಿನಿಂದ. ಅದೊಂದೇ ಆದರೆ ಅಪಾಯವಿಲ್ಲ. ಆದರೆ ಹಸಿರು ಮೂಡಿಸಿದ ಬೆಳಕೇ ಸೊಲನಿನ್ ಅನ್ನೂ ಹೆಚ್ಚಿಸಿರುವ ಸಾಧ್ಯತೆ ಇರುವುದರಿಂದ ಹಸಿರನ್ನು ಎಚ್ಚರಿಕೆಯ ಗುರುತು ಎಂದು ನೋಡಬೇಕು.

ಒಂದು ಕಿಲೋ ಆಲೂಗಡ್ಡೆಯಲ್ಲಿ ಈ ವಸ್ತುಗಳು 200 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ. ಒಳ್ಳೆಯ ಗಡ್ಡೆಯಲ್ಲಿ ಇದು 100 ಮಿಲಿಗ್ರಾಂಗಿಂತ ಕಡಿಮೆ. ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಸೇವನೆಯಿಂದಲೂ ಲಕ್ಷಣಗಳು ಕಾಣಿಸಬಹುದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೇಳಿತು. ಲೆಕ್ಕ ಹಾಕಿದರೆ, ಮಿತಿಯ ಅಂಚಿನಲ್ಲಿರುವ 100 ಗ್ರಾಂ ಆಲೂಗಡ್ಡೆಯಲ್ಲಿ 20 ಮಿಲಿಗ್ರಾಂ ಇರುತ್ತದೆ. 60 ಕಿಲೋ ತೂಕದ ದೊಡ್ಡವರಿಗೆ ಇದು ಹೆಚ್ಚಲ್ಲ. 20 ಕಿಲೋ ತೂಕದ ಮಗುವಿಗೆ ಅದೇ ಎಚ್ಚರಿಕೆಯ ಮಟ್ಟ. ಮಕ್ಕಳ ಡಬ್ಬಿಗೆ ಹಾಕುವಾಗ ಹೆಚ್ಚು ಜಾಗ್ರತೆ ಬೇಕಾಗಿರುವುದು ಇದಕ್ಕೇ.

ಇಂತಹ ಪ್ರಕರಣಗಳು ಅಪರೂಪ, ಆದರೆ ನಡೆದಿವೆ. ಲಂಡನ್‌ನ ಶಾಲೆಯೊಂದರಲ್ಲಿ 1969ರಲ್ಲಿ ಮಧ್ಯಾಹ್ನದ ಊಟದ ನಂತರ 78 ಬಾಲಕರು ಅಸ್ವಸ್ಥರಾದರು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ರಜೆಗೆ ಮುಂಚೆ ಉಳಿದಿದ್ದ ಮೂಟೆಯ ಆಲೂಗಡ್ಡೆಯನ್ನು ಬೇಯಿಸಿ ಬಡಿಸಿದ್ದೇ ಕಾರಣ ಎಂದು ಆಮೇಲೆ ಗೊತ್ತಾಯಿತು. ಎಲ್ಲರೂ ಚೇತರಿಸಿಕೊಂಡರು.

ವಾಂತಿ, ಭೇದಿ, ಹೊಟ್ಟೆನೋವು, ತಲೆನೋವು ಇದರ ಸಾಮಾನ್ಯ ಲಕ್ಷಣಗಳು. ಊಟವಾದ ಎಷ್ಟೋ ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದಾದ್ದರಿಂದ ಆಲೂಗಡ್ಡೆಯ ಮೇಲೆ ಅನುಮಾನ ಬರುವುದೇ ಕಡಿಮೆ. ಲಕ್ಷಣ ತೀವ್ರವಾಗಿದ್ದರೆ, ಅದರಲ್ಲೂ ಮಕ್ಕಳಲ್ಲಿ, ವೈದ್ಯರ ಬಳಿಗೆ ಹೋಗಬೇಕು.

ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಕುಕ್ಕರ್‌ನ ಬಿಸಿಗಾಗಲೀ ಎಣ್ಣೆಯ ಬಿಸಿಗಾಗಲೀ ಸೊಲನಿನ್ ಅಷ್ಟಾಗಿ ನಾಶವಾಗುವುದಿಲ್ಲ. ದಪ್ಪವಾಗಿ ಸಿಪ್ಪೆ ತೆಗೆಯುವುದೇ ಹೆಚ್ಚು ಪರಿಣಾಮಕಾರಿ.

ಯಾವುದನ್ನು ಬಳಸಬಹುದು, ಯಾವುದನ್ನು ಎಸೆಯಬೇಕು?

- ಗಡ್ಡೆ ಗಟ್ಟಿಯಾಗಿದ್ದು, ಒಂದೆರಡು ಸಣ್ಣ ಮೊಳಕೆ ಮಾತ್ರ ಬಂದಿದ್ದರೆ: ಮೊಳಕೆಯನ್ನು ಬುಡದ ಕಣ್ಣಿನ ಸಮೇತ ಆಳವಾಗಿ ಕೆತ್ತಿ, ಸಿಪ್ಪೆ ತೆಗೆದು ಬಳಸಬಹುದು.
- ಒಂದು ಮೂಲೆಯಲ್ಲಿ ಮಾತ್ರ ತಿಳಿ ಹಸಿರು ಇದ್ದರೆ: ಹಸಿರು ಪೂರ್ತಿ ಹೋಗುವಷ್ಟು ದಪ್ಪವಾಗಿ ಕತ್ತರಿಸಿ ತೆಗೆದು ಬಳಸಬಹುದು. ಮಕ್ಕಳಿಗೆ ಕೊಡದಿರುವುದು ಒಳ್ಳೆಯದು.
- ಗಡ್ಡೆ ಮೆತ್ತಗಾಗಿ, ಸುಕ್ಕುಗಟ್ಟಿ, ಉದ್ದುದ್ದ ಮೊಳಕೆ ಬಂದಿದ್ದರೆ ಅಥವಾ ಬಹುಭಾಗ ಹಸಿರಾಗಿದ್ದರೆ: ಎಸೆಯಬೇಕು.
- ಬೇಯಿಸಿದ ಮೇಲೆ ಕಹಿ ಎನಿಸಿದರೆ ಅಥವಾ ಗಂಟಲು ಉರಿದರೆ: ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಖಾರ, ಹುಳಿ ಹಾಕಿ ಕಹಿ ಮುಚ್ಚಲು ಹೋಗಬಾರದು.

ಫ್ರಿಜ್‌ನಲ್ಲಿ ಇಡಬಹುದೇ?

ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬಾರದು ಎಂಬ ಸಲಹೆಗೆ ಕಾರಣ ಅಕ್ರಿಲಮೈಡ್. ಪಿಷ್ಟವಿರುವ ಆಹಾರವನ್ನು ಹೆಚ್ಚು ಬಿಸಿಯಲ್ಲಿ ಕರಿದಾಗ, ಹುರಿದಾಗ ಈ ವಸ್ತು ಉಂಟಾಗುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಇದು ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿದೆ. ಚಳಿಯಲ್ಲಿಟ್ಟ ಗಡ್ಡೆಯಲ್ಲಿ ಸಕ್ಕರೆ ಹೆಚ್ಚುವುದರಿಂದ ಕರಿದಾಗ ಅಕ್ರಿಲಮೈಡ್ ಕೂಡ ಹೆಚ್ಚಬಹುದು.

ಆದರೆ ಬ್ರಿಟನ್‌ನ ಆಹಾರ ಗುಣಮಟ್ಟ ಸಂಸ್ಥೆ 2023ರಲ್ಲಿ ತನ್ನ ಹಳೆಯ ಸಲಹೆ ಬದಲಿಸಿತು. ಮನೆಯ ಫ್ರಿಜ್‌ನಲ್ಲಿ ಇಡುವುದರಿಂದ ಆಗುವ ವ್ಯತ್ಯಾಸ ದೊಡ್ಡದಲ್ಲ, ಹಾಗೆ ಇಡಬಹುದು ಎಂದು ಅದು ಈಗ ಹೇಳುತ್ತದೆ. ತಣ್ಣನೆಯ ಉಗ್ರಾಣವಿರುವ ಬ್ರಿಟನ್ ಮನೆಗಳಿಗೇ ಈ ಮಾತು ಅನ್ವಯಿಸುವುದಾದರೆ, ಅಂತಹ ಜಾಗವೇ ಇಲ್ಲದ ನಮ್ಮ ನಗರಗಳ ಫ್ಲ್ಯಾಟ್‌ಗಳಿಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದನ್ನು ಹೀಗೆ ಪಾಲಿಸಬಹುದು. ಸಾಂಬಾರು, ಸಾಗು, ಬೇಯಿಸಿದ ಪಲ್ಯಕ್ಕೆ ಬಳಸುವ ಆಲೂಗಡ್ಡೆಯನ್ನು ಬೇಸಿಗೆಯಲ್ಲಿ ಫ್ರಿಜ್‌ನ ತರಕಾರಿ ಡಬ್ಬದಲ್ಲಿ, ಕಾಗದದ ಅಥವಾ ಬಟ್ಟೆಯ ಚೀಲದಲ್ಲಿಡಬಹುದು. ನೀರಲ್ಲಿ ಬೇಯಿಸುವಾಗ ಅಕ್ರಿಲಮೈಡ್ ಪ್ರಶ್ನೆ ಬರುವುದಿಲ್ಲ. ಬಜ್ಜಿ, ಫಿಂಗರ್ ಚಿಪ್ಸ್‌ಗೆ ಹೊರಗಿಟ್ಟದ್ದನ್ನೇ ಬಳಸುವುದು ಒಳ್ಳೆಯದು. ಫ್ರಿಜ್‌ನದ್ದೇ ಆದರೆ ಹೆಚ್ಚಿದ ಹೋಳುಗಳನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಒರೆಸಿ, ಹೊಂಬಣ್ಣ ಬರುತ್ತಿದ್ದಂತೆ ಎಣ್ಣೆಯಿಂದ ತೆಗೆಯಬೇಕು. ಹಸಿ ಗಡ್ಡೆಯನ್ನು ಫ್ರೀಜರ್‌ನಲ್ಲಿ ಮಾತ್ರ ಇಡಬಾರದು. ಕರಗಿದಾಗ ನೀರು ಬಿಟ್ಟು ಕಪ್ಪಾಗುತ್ತದೆ.

ಸೇಬು, ಈರುಳ್ಳಿ, ಪುದೀನ: ಯಾವುದು ನಿಜ?

ಸೇಬು ಎಥಿಲಿನ್ ಎಂಬ ಅನಿಲ ಬಿಡುತ್ತದೆ. ಇದರ ಪರಿಣಾಮ ಎರಡು ಬಗೆಯದು. ಸ್ವಲ್ಪ ಕಾಲ ಮಾತ್ರ ತಾಗಿದರೆ ಗಡ್ಡೆಯ ನಿದ್ರೆ ಬೇಗ ಮುಗಿಯುತ್ತದೆ. ಬಿಡದೆ ತಾಗುತ್ತಿದ್ದರೆ ಮೊಳಕೆ ಉದ್ದವಾಗುವುದು ತಡೆಯುತ್ತದೆ. ಕೆಲವು ದೇಶಗಳ ಗೋದಾಮುಗಳಲ್ಲಿ ಎಥಿಲಿನ್ ಅನ್ನು ಅಳತೆ ಮಾಡಿ ನಿರಂತರವಾಗಿ ಹಾಯಿಸಿ ಮೊಳಕೆ ತಡೆಯುತ್ತಾರೆ. ಗಾಳಿಯಾಡುವ ಬುಟ್ಟಿಯಲ್ಲಿ ಒಂದು ಸೇಬು ಇಟ್ಟರೆ ಆ ಅಳತೆ ಸಿಗುವುದಿಲ್ಲ. 'ಸೇಬು ಇಡಿ' ಮತ್ತು 'ಇಡಬೇಡಿ' ಎರಡೂ ಸಲಹೆಗಳು ಹುಟ್ಟಿದ್ದು ಹೀಗೆ. ನಂಬಿಕೊಳ್ಳುವಂತಹ ಉಪಾಯ ಇದಲ್ಲ.

ಈರುಳ್ಳಿ ಬಿಡುವ ಎಥಿಲಿನ್ ಬಹಳ ಕಡಿಮೆ. ಅದನ್ನು ಬೇರೆ ಇಡಬೇಕಾದ ಮುಖ್ಯ ಕಾರಣ ತೇವ. ಆಲೂಗಡ್ಡೆ ಹೊರಬಿಡುವ ತೇವಕ್ಕೆ ಈರುಳ್ಳಿ ಬೇಗ ಕೊಳೆಯುತ್ತದೆ, ಮೊಳಕೆಯನ್ನೂ ಬಿಡುತ್ತದೆ. ಒಂದು ಕೊಳೆತರೆ ಪಕ್ಕದ್ದೂ ಕೆಡುತ್ತದೆ.

ಪುದೀನದ ವಿಷಯದಲ್ಲಿ ಸ್ವಲ್ಪ ಸತ್ಯವಿದೆ. ಆಲೂಗಡ್ಡೆಯ ತವರಾದ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದಲ್ಲಿ ರೈತರು 'ಮುನ್ಯಾ' ಎಂಬ ಪುದೀನ ಜಾತಿಯ ಗಿಡದ ಸೊಪ್ಪನ್ನು ಗಡ್ಡೆಗಳ ನಡುವೆ ಹರಡಿ ಕೂಡಿಡುತ್ತಾರೆ. ಪುದೀನ ಎಣ್ಣೆಯ ಆವಿಯನ್ನು ಯುರೋಪಿನ ಗೋದಾಮುಗಳಲ್ಲೂ ಬಳಸುತ್ತಾರೆ. ಆದರೆ ಅದು ಮುಚ್ಚಿದ ಜಾಗದಲ್ಲಿ ಮತ್ತೆ ಮತ್ತೆ ಹಾಯಿಸಬೇಕಾದ ಆವಿ. ಮನೆಯಲ್ಲಿ ಹಾಕಿದ ಹಸಿ ಪುದೀನ ಕೊಳೆತು ತೇವವನ್ನೇ ಹೆಚ್ಚಿಸುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮ

1. ತಿಂಗಳು ನೋಡಿ ಕೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಸಿಪ್ಪೆ ಬಲಿತ ಹೊಸ ಗಡ್ಡೆ ಸಿಕ್ಕರೆ ಎರಡು ಮೂರು ವಾರಕ್ಕಾಗುವಷ್ಟು ತರಬಹುದು. ಜುಲೈನಿಂದ ನವೆಂಬರ್‌ವರೆಗೆ ಒಂದು ವಾರಕ್ಕೆ ಬೇಕಾದಷ್ಟೇ ಸಾಕು. 'ಐದು ಕಿಲೋ ಕೊಂಡರೆ ಅಗ್ಗ' ಎಂದು ತಂದು ಎರಡು ಕಿಲೋ ಎಸೆದರೆ ಉಳಿತಾಯ ಆಗುವುದಿಲ್ಲ.

2. ಆರಿಸಿ ತನ್ನಿ. ಕಣ್ಣು ಉಬ್ಬಿದ, ಹಸಿರು ಛಾಯೆಯ, ಒದ್ದೆಯಾದ, ಗಾಯವಾದ ಗಡ್ಡೆ ಬೇಡ. ಅಂಗಡಿಯ ದೀಪದ ಬೆಳಕಿನಲ್ಲಿ ದಿನಗಟ್ಟಲೆ ಇಟ್ಟ ಗಡ್ಡೆಯೂ ಹಸಿರಾಗುತ್ತದೆ.

3. ಪ್ಲಾಸ್ಟಿಕ್ ಚೀಲದಿಂದ ತಕ್ಷಣ ತೆಗೆಯಿರಿ. ಒಳಗೆ ಕಟ್ಟಿಕೊಳ್ಳುವ ತೇವ ಮೊಳಕೆಗೂ ಕೊಳೆತಕ್ಕೂ ದಾರಿ. ಬಿದಿರಿನ ಬುಟ್ಟಿ, ಗೋಣಿಚೀಲ ಅಥವಾ ತೂತಿರುವ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಮೇಲೆ ಒಂದು ಗೋಣಿ ಅಥವಾ ಕಾಗದ ಮುಚ್ಚಿದರೆ ಬೆಳಕು ತಾಗುವುದಿಲ್ಲ.

4. ತೊಳೆದಿಡಬೇಡಿ. ಮಣ್ಣಿದ್ದರೆ ಇರಲಿ, ಬಳಸುವ ಮುಂಚೆ ತೊಳೆದರೆ ಸಾಕು. ಒದ್ದೆಯಾಗಿದ್ದರೆ ನೆರಳಿನಲ್ಲಿ ಆರಿಸಿ.

5. ಮನೆಯ ಅತಿ ತಣ್ಣನೆಯ ಜಾಗ ಹುಡುಕಿ. ಒಲೆಯ ಪಕ್ಕ, ಫ್ರಿಜ್‌ನ ಮೇಲೆ, ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಯ ಬದಿ, ಸಿಂಕ್‌ನ ಕೆಳಗೆ ಬೇಡ. ಒಳಕೋಣೆಯ ನೆಲದ ಮಟ್ಟದ ಕಪಾಟು ಸಾಮಾನ್ಯವಾಗಿ ಅಡುಗೆಮನೆಗಿಂತ ತಂಪಾಗಿರುತ್ತದೆ.

6. ವಾರಕ್ಕೊಮ್ಮೆ ನೋಡಿ. ಕಣ್ಣು ಉಬ್ಬಿದವನ್ನು ಮೊದಲು ಬಳಸಿ. ಮೊಳಕೆ ಮುರಿದು ಮತ್ತೆ ಬುಟ್ಟಿಗೆ ಹಾಕುವ ಅಭ್ಯಾಸದಿಂದ ಲಾಭವಿಲ್ಲ. ತುದಿಯ ಮೊಳಕೆ ಮುರಿದರೆ ಅದು ತಡೆದಿಟ್ಟಿದ್ದ ಉಳಿದ ಕಣ್ಣುಗಳು ಒಟ್ಟಿಗೇ ಚಿಗುರುತ್ತವೆ.

7. ಹಬ್ಬಕ್ಕೋ ರಜೆಗೋ ಊರಿಗೆ ಹೋಗುವಾಗ ಬುಟ್ಟಿಯಲ್ಲಿ ಆಲೂಗಡ್ಡೆ ಬಿಟ್ಟು ಹೋಗಬೇಡಿ. ಬಾಗಿಲು, ಕಿಟಕಿ ಮುಚ್ಚಿದ ಮನೆಯ ಬಿಸಿಯಲ್ಲಿ ಮೊಳಕೆ ಮತ್ತು ಕೊಳೆತ ಎರಡೂ ವೇಗವಾಗಿ ಬರುತ್ತವೆ. ಉಳಿದದ್ದನ್ನು ಫ್ರಿಜ್‌ಗೆ ಹಾಕಿ ಅಥವಾ ಪಕ್ಕದ ಮನೆಯವರಿಗೆ ಕೊಟ್ಟು ಹೋಗಿ. ವಾಪಸ್ ಬಂದಾಗ ಬುಟ್ಟಿಯಲ್ಲಿ ಉದ್ದದ ಮೊಳಕೆ ಬಂದಿರುವ ಮೆತ್ತನೆಯ ಗಡ್ಡೆ ಕಂಡರೆ, ಬೆಲೆ ಎಷ್ಟೇ ಇದ್ದರೂ, ಅದನ್ನು ಅಡುಗೆಗೆ ಬಳಸಬೇಡಿ.